ಕಡತ, ಕಗಪ ಮತ್ತು ಹಳೇ ಕಂಪ್ಯೂಟರು

ಲಿಬ್ರೆ ಆಫೀಸ್ ತಂತ್ರಾಂಶವನ್ನು ಕನ್ನಡದಲ್ಲಿ ತೆರೆದರೆ ಪರದೆಯ ಎಡಮೂಲೆಯಲ್ಲಿ ಮೊದಲು ಕಾಣುವ ಪದ ‘ಕಡತ’. ಇಂಗ್ಲಿಷಿನ ‘ಫೈಲ್’ಗೆ ಅನುವಾದಕರು ಆರಿಸಿಕೊಂಡ ಪದ ಅದು. ಈಗ ಕಡತ ಅಂದರೆ ಕೆಂಪು ದಾರ ಕಟ್ಟಿಸಿಕೊಂಡು ಟೇಬಲ್ಲಿನಿಂದ ಟೇಬಲ್ಲಿಗೆ ಸಾಗುವ, ಬಹಳ ಸಲ ಸಾಗದೆಯೂ ಇರುವ ಕಾಗದದ ಕಟ್ಟು ನೆನಪಾಗುತ್ತದೆ. ಇತಿಹಾಸ ಓದುವವರಿಗೆ ಮಾತ್ರ ಅದು ಬೇರೆಯೇ ವಸ್ತು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಕಡತಗಳಿಂದ ಹಿಡಿದು ಹಳ್ಳಿಯ ಶಾನುಭೋಗರ ಲೆಕ್ಕದವರೆಗೆ ಶತಮಾನಗಳ ಕಾಲ ಕನ್ನಡದ ವ್ಯವಹಾರ ಇದರ ಮೇಲೆ ನಡೆಯಿತು. ಬಟ್ಟೆ, ಇದ್ದಿಲು, ಹುಣಸೆಬೀಜ ಮೂರೂ ಊರಲ್ಲೇ ಸಿಗುವಂಥವು. ಹರಿದರೆ ಹೊಸದನ್ನು ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕಂಪ್ಯೂಟರಿನಲ್ಲಿ ಈ ಅಪ್ಪಣೆಯ ಪ್ರಶ್ನೆ ದೊಡ್ಡದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ್‍ಯಾಮ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ತೀರ ಹಳೆಯದಾಗಿರಬಾರದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಶೋಧನೆಗೆಂದು ಓಡಾಡುವಾಗ ನಾನು ಕಂಡ ಶಾಲಾ ಕಂಪ್ಯೂಟರುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಈ ಮೂರೂ ಶರತ್ತು ಪೂರೈಸುವ ಯಂತ್ರಗಳು ಕಡಿಮೆ. ಪರದೆ ಸರಿಯಿದೆ, ಕೀಲಿಮಣೆ ಸರಿಯಿದೆ, ಫ್ಯಾನು ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೇ. ಯಂತ್ರ ಕೆಟ್ಟಿಲ್ಲ. ಆದರೂ ಅದನ್ನು ಹಳೇ ಸಾಮಾನಿನ ಲೆಕ್ಕಕ್ಕೆ ಬರೆಯಲಾಗುತ್ತದೆ.

ಇಂಥ ಯಂತ್ರಗಳಲ್ಲೂ ಸಲೀಸಾಗಿ ಓಡುವ, ದುಡ್ಡಿಲ್ಲದೆ ಸಿಗುವ, ಕನ್ನಡ ಬಲ್ಲ ಆಪರೇಟಿಂಗ್ ಸಿಸ್ಟಂಗಳು ವರ್ಷಗಳಿಂದ ಇವೆ. ಅವು ನಮ್ಮ ಊರುಗಳಿಗೆ ಯಾಕೆ ಬಂದು ನೆಲೆಯೂರಲಿಲ್ಲ? ಕನ್ನಡಕ್ಕೆ ಆಗಿಬರಲಿಲ್ಲವೆ, ಕಷ್ಟವಾಯಿತೆ, ಗೊತ್ತೇ ಆಗಲಿಲ್ಲವೆ? ಇದನ್ನು ತಂತ್ರಜ್ಞಾನದ ಪ್ರಶ್ನೆಯಾಗಿ ಅಲ್ಲ, ಇತಿಹಾಸದ ಪ್ರಶ್ನೆಯಾಗಿ ನೋಡಬೇಕೆನ್ನಿಸಿತು.

ಮೊದಲು ‘ಹಗುರ’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಗ್ನು ಎಂಬ ವ್ಯವಸ್ಥೆ ಕಟ್ಟುವುದಾಗಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿಗೆಂದು ಲಿನಕ್ಸ್ ಕರ್ನೆಲ್ ಬರೆದ. ಯಂತ್ರವನ್ನು ನಡೆಸುವ ಒಳಭಾಗವೇ ಈ ಕರ್ನೆಲ್. ಮುಂದೆ ಎರಡೂ ಕೂಡಿಕೊಂಡವು. ಇಲ್ಲಿ ಮುಖ್ಯವಾದ ಸಂಗತಿ ಒಂದೇ. ವಿಂಡೋಸಿನಲ್ಲಿ ಕರ್ನೆಲ್ಲೂ ಕಣ್ಣಿಗೆ ಕಾಣುವ ಡೆಸ್ಕ್‌ಟಾಪೂ ಒಂದೇ ಗಂಟಾಗಿ ಬರುತ್ತವೆ. ಲಿನಕ್ಸಿನಲ್ಲಿ ಅವು ಬೇರೆ ಬೇರೆ. ಒಳಗಿನ ಮನೆ ಹಾಗೇ ಇರಲಿ, ಮುಂದಿನ ಜಗಲಿಯನ್ನು ಮಾತ್ರ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ಗ್ನೋಮ್, ಕೆಡಿಇ ದೊಡ್ಡ ಜಗಲಿಗಳು. 1996ರಲ್ಲಿ ಶುರುವಾದ ಎಕ್ಸ್‌ಎಫ್‌ಸಿಇ, 2006ರಲ್ಲಿ ತೈವಾನಿನ ಹಾಂಗ್ ಜೆನ್ ಯೀ ಆರಂಭಿಸಿದ ಎಲ್‌ಎಕ್ಸ್‌ಡಿಇ ಚಿಕ್ಕವು. ಕುಣಿಯುವ ಕಿಟಕಿ, ಪಾರದರ್ಶಕ ಅಂಚು ಇತ್ಯಾದಿ ಸಿಂಗಾರಗಳನ್ನು ಬಿಟ್ಟು ಮೆನು, ಕಡತಗಳ ಪಟ್ಟಿ, ಗಡಿಯಾರ ಇಷ್ಟನ್ನು ಇಟ್ಟುಕೊಂಡವು. ಕ್ಸುಬುಂಟು, ಲುಬುಂಟು, ಪಪ್ಪಿ, ಆಂಟಿಎಕ್ಸ್ ಎಂಬ ಹೆಸರುಗಳೆಲ್ಲ ಈ ಕುಲದವು. ಇವುಗಳಲ್ಲಿ ಹಲವದರಲ್ಲಿ ಮೆನು ಎಡಗಡೆ ಕೆಳಗೇ ಇರುವುದರಿಂದ ವಿಂಡೋಸಿನಲ್ಲಿ ಪಳಗಿದ ಕೈಗೆ ಅರ್ಧ ದಿನದಲ್ಲಿ ರೂಢಿಯಾಗುತ್ತದೆ.

ಇಲ್ಲಿಯೂ ಎಲ್ಲ ಹಳತನ್ನೂ ಯಾರೂ ಕಾಯುತ್ತ ಕೂತಿಲ್ಲ ಎಂಬುದನ್ನೂ ಹೇಳಬೇಕು. 32 ಬಿಟ್ ಯಂತ್ರಗಳನ್ನು ಉಬುಂಟು ಬಿಟ್ಟು ವರ್ಷಗಳಾದವು. ಹಳೆಯ ಯಂತ್ರಗಳ ಆಸರೆ ಎನಿಸಿದ್ದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟಿತು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಸೋರ್ಸ್ ಕೋಡ್ ಬಯಲಲ್ಲಿದೆ. ಆಸೆ ಇರುವವರು ಅದನ್ನು ಇನ್ನೊಂದಷ್ಟು ವರ್ಷ ಎಳೆದುಕೊಂಡು ಹೋಗಬಹುದು, ಹೋಗುತ್ತಲೂ ಇದ್ದಾರೆ.

ಕನ್ನಡ ಇದರೊಳಗೆ ಹೇಗೆ ಬಂತು ಎಂಬ ಕಥೆ ಇನ್ನೂ ಸ್ವಾರಸ್ಯದ್ದು. ಭಾರತದ ಮನೆಗಳಿಗೆ ಲಿನಕ್ಸ್ ಬಂದದ್ದು ಬಹುಪಾಲು ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆಗೆ 1996ರಿಂದ ಬರುತ್ತಿದ್ದ ಸಿಡಿಗಳ ಮೂಲಕ. ಆಗ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು ಕನಸಿನ ಮಾತು. ಆ ಸಿಡಿಗಳ ಹಿಂದಿದ್ದ ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಬೆಂಗಳೂರಿನಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನ ಶುರು ಮಾಡಿದರು. ಅದು ಮುಂದೆ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. 2004ರಲ್ಲಿ ಬಂದ ಉಬುಂಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಳಾಸ ಕೊಟ್ಟರೆ ಸಾಕು, ಅಂಚೆಯಲ್ಲಿ ಪುಕ್ಕಟೆ ಸಿಡಿ ಬರುತ್ತಿತ್ತು. 2011ರವರೆಗೂ ಈ ವ್ಯವಸ್ಥೆ ಇತ್ತು. ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರು. ಅಂಚೆಯ ಸಿಡಿಗೆ ಆ ದೂರ ಲೆಕ್ಕಕ್ಕಿಲ್ಲ. ಸಮ್ಮೇಳನದ ಗೆಳೆತನಗಳಿಗೆ ಅದು ಬಹಳ ದೂರ.

ಅಕ್ಷರದ ಕೆಲಸ ಸುಲಭದ್ದಾಗಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಕೀಲಿ ಒತ್ತಿದರೆ ಒಂದು ಅಕ್ಷರ, ಅಲ್ಲಿಗೆ ಮುಗಿಯಿತು. ‘ಲಕ್ಷ್ಮಿ’ ಎಂದು ಬರೆಯಲು ಕ, ಷ, ಮ ಎಲ್ಲ ಸಾಲಾಗಿ ಒಳಗೆ ಕೂರಬೇಕು, ಪರದೆಯ ಮೇಲೆ ಮಾತ್ರ ಒಂದರ ಕೆಳಗೊಂದು ಇಳಿಯಬೇಕು, ಗುಣಿತದ ಗುಡಿಸು ಸರಿಯಾದ ತಲೆಯ ಮೇಲೇ ಏರಬೇಕು. ‘ಸೂರ್ಯ’ನ ಅರ್ಕಾವತ್ತು ಬಾಯಲ್ಲಿ ಮೊದಲು ಬಂದರೂ ಬರಹದಲ್ಲಿ ಕೊನೆಗೆ ಹೋಗಬೇಕು, ‘ರ್‍ಯಾಂಕ್’ ಬರೆಯುವಾಗ ಅದೇ ರ ಹಾಗೆ ಹೋಗಬಾರದು. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೆ ಸ್ಥಾನ ಸಿಕ್ಕಿದ್ದು ಮೂಲ ಅಕ್ಷರಗಳಿಗೆ ಮಾತ್ರ. ಅವನ್ನು ಜೋಡಿಸಿ ತೋರಿಸುವ ಕೆಲಸ ಆಪರೇಟಿಂಗ್ ಸಿಸ್ಟಂ ಮತ್ತು ಫಾಂಟಿನ ಹೆಗಲಿಗೆ ಬಿತ್ತು. ವಿಂಡೋಸಿಗೆ ಇದು ಬಂದದ್ದು 2001ರಲ್ಲಿ, ಎಕ್ಸ್‌ಪಿ ಆವೃತ್ತಿಯ ‘ತುಂಗಾ’ ಫಾಂಟಿನ ಜೊತೆಗೆ. ಲಿನಕ್ಸಿನಲ್ಲಿ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು, 2004ರಲ್ಲಿ ರೆಡ್ ಹ್ಯಾಟ್ ಕಂಪನಿಯ ಲೋಹಿತ್, ಆಮೇಲೆ ಕನ್ನಡದ ಹುಡುಗರೇ ರೂಪಿಸಿದ ಗುಬ್ಬಿ, ನವಿಲು ಬಂದವು. ಎರಡು ಲೋಕಗಳ ನಡುವಿನ ಅಂತರ ಮೂರ್ನಾಲ್ಕು ವರ್ಷಕ್ಕಿಂತ ಹೆಚ್ಚಿರಲಿಲ್ಲ. ‘ಲಿನಕ್ಸಿನಲ್ಲಿ ಕನ್ನಡ ಬರಲ್ಲ’ ಎಂಬ ಮಾತು ನಮ್ಮ ಕಡೆ ಇವತ್ತಿಗೂ ಕೇಳಿಸುತ್ತದೆ. ಅದು ಇಪ್ಪತ್ತು ವರ್ಷದ ಹಿಂದಿನ ಸತ್ಯ.

ಕೀಲಿಮಣೆಯದು ಇನ್ನೂ ಒಳ್ಳೆಯ ಕಥೆ. ಇಂದು ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಕನ್ನಡ ವಿನ್ಯಾಸವನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮಗೆಲ್ಲ ಗೊತ್ತಿರುವ ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡದ ಧ್ವನಿಗಳನ್ನು ಕೂರಿಸಿ, ಅದನ್ನು ತಮ್ಮ ಆಸ್ತಿಯೆಂದು ಕಟ್ಟಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶ ರೂಪಿಸಿದಾಗ ಅದೇ ವಿನ್ಯಾಸ ಅಲ್ಲಿಗೂ ಹೋಯಿತು, ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ ‘ಕಗಪ’ ಎನಿಸಿಕೊಂಡಿತು. ಈಗ ಯಾವುದೇ ಲಿನಕ್ಸಿನಲ್ಲಿ ಕೀಲಿಮಣೆಯ ಪಟ್ಟಿ ತೆರೆಯಿರಿ. ‘ಕನ್ನಡ, ಕಗಪ’ ಎಂದು ಇರುತ್ತದೆ. ಪಟ್ಟಿಯಲ್ಲಿ ಹುಡುಕುತ್ತ ಹೋದರೆ ‘ತೆಲುಗು, ಕಗಪ’, ‘ಹಿಂದಿ, ಕಗಪ’, ‘ಮರಾಠಿ, ಕಗಪ’, ‘ಸಂಸ್ಕೃತ, ಕಗಪ’ ಕೂಡ ಸಿಗುತ್ತವೆ. ಬೆಂಗಳೂರಿನ ಒಂದು ಪರಿಷತ್ತಿನ ಹೆಸರು ಬ್ರೆಜಿಲ್‌ನಲ್ಲೋ ಜರ್ಮನಿಯಲ್ಲೋ ಯಾರೋ ಹಾಕಿಕೊಂಡ ಲಿನಕ್ಸಿನೊಳಗೂ ಸಂಸ್ಕೃತದ ಪಕ್ಕ ಕೂತಿದೆ. ಹೀಗೆ ಹೊರಗೆ ಹೋಗಿ ಹೆಸರು ಮಾಡಿದ್ದು ಮನೆಯವರಿಗೇ ಗೊತ್ತಿಲ್ಲದಿರುವುದು ನಮ್ಮಲ್ಲಿ ಹೊಸದೇನಲ್ಲ ಬಿಡಿ.

ಹಾಗಾದರೆ ತೊಡಕು ಎಲ್ಲಿ ಬಂತು? ನನಗೆ ಕಾಣುವಂತೆ, ಕನ್ನಡ ತಂತ್ರಾಂಶದ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಅಕ್ಷರದ ಸುತ್ತ ನಡೆಯಿತು, ಅಕ್ಷರ ನಿಂತಿರುವ ನೆಲದ ಬಗ್ಗೆ ನಡೆಯಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಮನೆಮಾತಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರದ ಬೆಂಬಲದ ‘ನುಡಿ’ ಬಂತು. ಎರಡರಲ್ಲಿ ಯಾವುದು ಹೆಚ್ಚು, ಯಾವುದರ ಫಾಂಟು ಎಲ್ಲಿಂದ ಬಂತು ಎಂಬ ವಾದ ಪತ್ರಿಕೆಗಳನ್ನು ತುಂಬಿತು. ಪೂರ್ಣಚಂದ್ರ ತೇಜಸ್ವಿಯವರು ಇದರಲ್ಲಿ ಆಸ್ಥೆಯಿಂದ ತೊಡಗಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶವೂ ಹೊರಬಂತು. ಎಲ್ಲವೂ ಶ್ರಮದ ಕೆಲಸಗಳೇ. ಆದರೆ ಎಲ್ಲವೂ ಓಡುತ್ತಿದ್ದದ್ದು ವಿಂಡೋಸಿನ ಮೇಲೆ. ಕನ್ನಡ ಉಚಿತ, ಅದು ನಿಲ್ಲುವ ಜಾಗಕ್ಕೆ ಬಾಡಿಗೆ. ಬಾಡಿಗೆ ಕಟ್ಟಲಾಗದ ಊರುಗಳು ಕಳ್ಳಪ್ರತಿ ಹಾಕಿಕೊಂಡವು. ತಾಲ್ಲೂಕು ಮಟ್ಟದ ಅಂಗಡಿಗಳಲ್ಲಿ ಇದು ಎಷ್ಟು ಸಹಜವಾಗಿತ್ತೆಂದರೆ ವಿಂಡೋಸಿಗೆ ಬೆಲೆ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಪುಕ್ಕಟೆ ಸಿಗುವ ಇನ್ನೊಂದು ಇದೆ ಎಂದು ಹೇಳಿದರೆ, ಇದೂ ಪುಕ್ಕಟೆಯೇ ಅಲ್ಲವೇ ಎಂಬ ಉತ್ತರ ಬರುತ್ತಿತ್ತು. ನನ್ನ ಪ್ರಕಾರ ಲಿನಕ್ಸಿಗೆ ನಮ್ಮ ಕಡೆ ಎದುರಾಳಿಯಾಗಿದ್ದದ್ದು ಕಂಪನಿ ಮಾರುವ ವಿಂಡೋಸ್ ಅಲ್ಲ, ಅಂಗಡಿಯವನು ಹಾಕಿಕೊಡುವ ವಿಂಡೋಸ್.

ಇನ್ನೊಂದು ಸಂಗತಿಯೂ ಸೇರಿಕೊಂಡಿತು. ನುಡಿಯ ಮೊದಲ ಆವೃತ್ತಿಗಳು ಯೂನಿಕೋಡಿನವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಒತ್ತು, ಕೊಂಬುಗಳನ್ನು ಕೂರಿಸಿದ ಫಾಂಟುಗಳು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ದಾಖಲೆ ತೆರೆದರೆ ವಿಚಿತ್ರ ಗುರುತುಗಳ ಸಂತೆ. ಕಾಲು ಶತಮಾನದ ಕನ್ನಡ ಹೀಗೆ ಟೈಪಾಗಿದೆ: ಪಂಚಾಯ್ತಿ ನಡಾವಳಿ, ಸಹಕಾರ ಸಂಘದ ವರದಿ, ಜಾತ್ರೆಯ ಕರಪತ್ರ, ಊರಿನ ಇತಿಹಾಸ ಬರೆದ ಮೇಷ್ಟರ ಪುಸ್ತಕ, ಪಿಎಚ್‌ಡಿ ಪ್ರಬಂಧ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದಿದ್ದಾರೆ. ಅವು ನೂರಕ್ಕೆ ತೊಂಬತ್ತು ಪಾಲು ಸರಿಯಾಗಿ ಕೆಲಸ ಮಾಡಿ, ಉಳಿದ ಕಡೆ ಅರ್ಕಾವತ್ತಿನಲ್ಲೋ ಒತ್ತಕ್ಷರದಲ್ಲೋ ಎಡವುತ್ತವೆ. ಶಾಸನಪಾಠಗಳಲ್ಲಿ ಈ ಎಡವಟ್ಟು ಸಣ್ಣದಲ್ಲ. ಕೋಟೆಯ ಇತಿಹಾಸಕ್ಕಾಗಿ ಊರೂರು ಅಲೆದು ದಾಖಲೆ ಕೂಡಿಸಿದ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರ ಕಾಲದ ಹಸ್ತಪ್ರತಿಯನ್ನು ಬೆಳಕಿಗೆ ಹಿಡಿದು ನಾನು ಓದಬಲ್ಲೆ. 2003ರ ಒಂದು ಸಿಡಿಯಲ್ಲಿರುವ ಪಠ್ಯವನ್ನು ಓದಲು ಹಳೇ ಪೇಜ್‌ಮೇಕರ್ ಇರುವ ಹಳೇ ಎಕ್ಸ್‌ಪಿ ಕಂಪ್ಯೂಟರು ಹುಡುಕಿಕೊಂಡು ಹೋಗಬೇಕು.

ನಮ್ಮ ಜಿಲ್ಲೆಯ ರೈತರು ಕಂಪ್ಯೂಟರನ್ನು ಮೊದಲು ಕಂಡದ್ದು ತಾಲ್ಲೂಕು ಕಚೇರಿಯ ‘ಭೂಮಿ’ ಕಿಂಡಿಯಲ್ಲಿ. 15 ರೂಪಾಯಿಗೆ ಪಹಣಿ, ಅಚ್ಚ ಕನ್ನಡದಲ್ಲಿ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಹೀಗೆ ಗಣಕಕ್ಕೆ ಏರಿದವು. ಇದೇ ಹೊತ್ತಿನಲ್ಲಿ ಲಿನಕ್ಸ್ ಹಳ್ಳಿಯ ಬಾಗಿಲವರೆಗೆ ಬಂದು ಹೋದ ಒಂದು ಪ್ರಸಂಗವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ತೋರಿಸಿದ ‘ಸಿಂಪ್ಯೂಟರ್’. ಅಂಗೈಯಲ್ಲಿ ಹಿಡಿಯುವ, ಕನ್ನಡವನ್ನು ಓದಿ ಹೇಳುವಂತಾಗಬೇಕೆಂದು ಕನಸಿದ್ದ, ಲಿನಕ್ಸಿನಿಂದ ನಡೆಯುವ ಯಂತ್ರ. ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಅದನ್ನು ಬಳಸಿಯೂ ನೋಡಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಕೆಲವೇ ಸಾವಿರ ಮಾರಾಟವಾಗಿ ನಿಂತಿತು. ಅದನ್ನು ಸೋಲು ಎಂದು ಬರೆಯುವವರಿದ್ದಾರೆ. ಆಮೇಲೆ ಬಂದ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ ಎಂಬುದನ್ನು ನೋಡಿದರೆ, ಸಿಂಪ್ಯೂಟರ್ ಸ್ವಲ್ಪ ಬೇಗ ಬಂದಿತ್ತು ಎನ್ನಬಹುದು.

ಇನ್ನು ಶಾಲೆಗಳ ವಿಷಯ. ನಿಜವಾದ ಕವಲು ಒಡೆದದ್ದು ಇಲ್ಲಿ. 2001ರಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರು ಕೊಡಲು ಹೊರಟವು. ಕರ್ನಾಟಕದ ಯೋಜನೆಯ ಹೆಸರು ‘ಮಾಹಿತಿ ಸಿಂಧು’, ಸುಮಾರು ಸಾವಿರ ಪ್ರೌಢಶಾಲೆಗಳಿಗೆ. ಕಂಪ್ಯೂಟರು ಇಡುವುದು, ನೋಡಿಕೊಳ್ಳುವುದು, ಪಾಠ ಹೇಳುವುದು ಎಲ್ಲವನ್ನೂ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆಯ ಬೋಧಕರು ಬಂದರು, ಪಾಠ ಮಾಡಿದರು, ಅವಧಿ ಮುಗಿದ ಮೇಲೆ ಹೋದರು. ಶಾಲೆಯ ಮೇಷ್ಟರಿಗೆ ಆ ಕೋಣೆ ಪರರ ಮನೆಯಾಗಿಯೇ ಉಳಿಯಿತು. ಬೀಗದ ಕೈ ಇತ್ತು, ಒಡೆತನ ಇರಲಿಲ್ಲ.

ಕೇರಳದ ಯೋಜನೆ ‘ಐಟಿ ಅಟ್ ಸ್ಕೂಲ್’. ಅದಕ್ಕೆ ಬುನಾದಿಯಾದ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಯಾರು ಗೊತ್ತೆ? ನಮ್ಮ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್, ಇಸ್ರೋದ ಮಾಜಿ ಅಧ್ಯಕ್ಷರು. ಅಲ್ಲಿ ಗಣಿತ, ವಿಜ್ಞಾನ, ಭಾಷೆ ಕಲಿಸುವ ಮೇಷ್ಟರಿಗೇ ಕಂಪ್ಯೂಟರು ಕಲಿಸಿದರು. ಮೊದಲಿಗೆ ಅಲ್ಲಿಯೂ ವಿಂಡೋಸೇ ಇತ್ತು. ಅದೇ 2001ರ ಜುಲೈಯಲ್ಲಿ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಸ್ವತಂತ್ರ ತಂತ್ರಾಂಶದ ಭಾರತದ ಪ್ರತಿಷ್ಠಾನಕ್ಕೆ ಚಾಲನೆ ಕೊಟ್ಟಿದ್ದರು. ಪಠ್ಯದಲ್ಲಿ ಒಂದು ಕಂಪನಿಯ ಸರಕನ್ನೇ ಕಲಿಸುವುದೇಕೆ ಎಂದು ಶಿಕ್ಷಕರ ಸಂಘಟನೆ ಜಗಳ ತೆಗೆಯಿತು. ವಾದ ವಿವಾದ ಎಳೆದಾಡಿ 2007-08ರ ಹೊತ್ತಿಗೆ ಹತ್ತನೇ ತರಗತಿಯ ಐಟಿ ಪರೀಕ್ಷೆ ಪೂರ್ತಿಯಾಗಿ ಲಿನಕ್ಸಿಗೆ ಬಂತು. ಮೊದಲು ಡೆಬಿಯನ್, ಆಮೇಲೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿ ಮಾಡಿಕೊಂಡರು. ಈ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. 2019ರಲ್ಲಿ ಅದು ಹೊಸ ಆವೃತ್ತಿ ತಂದಾಗ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಎಂದೂ, ಪರವಾನಗಿ ಖರ್ಚಿನಲ್ಲಿ 3,000 ಕೋಟಿ ರೂಪಾಯಿ ಉಳಿತಾಯ ಎಂದೂ ಹೇಳಿಕೊಂಡಿತು. ಉಳಿತಾಯದ ಲೆಕ್ಕವನ್ನು ಪಟ್ಟಿಬೆಲೆಗಳ ಮೇಲೆ ಹಾಕಿರುವುದರಿಂದ ನಾನು ಅದಕ್ಕೆ ತೀರ ಮರುಳಾಗಲಾರೆ. ಎರಡು ಲಕ್ಷ ಕಂಪ್ಯೂಟರು ಎಂಬುದು ಮಾತ್ರ ಕಣ್ಣಿಗೆ ಕಾಣುವ ಸಂಗತಿ.

ಈ ಕಥೆಗೆ ಕಾಸರಗೋಡಿನ ಕನ್ನಡಿಗರೂ ಸೇರಿದವರು ಎಂಬುದು ನಮ್ಮ ಕಡೆ ಅಷ್ಟಾಗಿ ಚರ್ಚೆಯಾಗಿಲ್ಲ. 1956ರಲ್ಲಿ ಕೇರಳಕ್ಕೆ ಹೋದ, ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿಡೀ ಕರ್ನಾಟಕಕ್ಕೆ ಸೇರಿಸಿ ಎಂದು ಕೇಳಿದ ನೆಲ ಅದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇಂದಿಗೂ ಕನ್ನಡ ಮಾಧ್ಯಮ ಶಾಲೆಗಳಿವೆ. ಕೇರಳದ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಅಚ್ಚಾಗುತ್ತವೆ, ಐಟಿ ಪಠ್ಯವೂ ಸೇರಿ. ಹಾಗಾಗಿ ಗಡಿಯಾಚೆಯ ಕನ್ನಡದ ಮಗು ಎಂಟನೇ ತರಗತಿಯಲ್ಲಿ ಸ್ವತಂತ್ರ ತಂತ್ರಾಂಶ ಅಂದರೆ ಏನು ಎಂದು ಕನ್ನಡದಲ್ಲಿ ಓದಿ, ಅದೇ ತಂತ್ರಾಂಶದ ಮೇಲೆ ಚಿತ್ರ ಬಿಡಿಸಿ, ಲೆಕ್ಕದ ಹಾಳೆ ಮಾಡಿ, ಅದರಲ್ಲೇ ಪರೀಕ್ಷೆ ಬರೆಯುತ್ತದೆ. ಕನ್ನಡಕ್ಕಾಗಿಯೇ ಇರುವ ರಾಜ್ಯದಲ್ಲಿ, ಹೊಸದುರ್ಗದ ಹಳ್ಳಿಯ ಅದೇ ವಯಸ್ಸಿನ ಮಗುವಿಗೆ ಆ ಅವಕಾಶ ಕ್ರಮವಾಗಿ ಸಿಕ್ಕಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಕಷ್ಟಗಳು ಸಣ್ಣವಲ್ಲ. ಕನ್ನಡ ಬಾರದ ಶಿಕ್ಷಕರ ನೇಮಕದ ವಿರುದ್ಧ ಅಲ್ಲಿನ ಮಕ್ಕಳು, ಪೋಷಕರು ಬೀದಿಗಿಳಿದದ್ದನ್ನು ನಾವು ಓದಿದ್ದೇವೆ. ಅದನ್ನು ಮರೆತು ಕೇರಳವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಕನ್ನಡದ ಮಗುವಿನ ಪಾಲಿಗೆ ಗಡಿಯ ಆಚೆ ಆದದ್ದು ಈಚೆ ಆಗಲಿಲ್ಲ.

ಈ ಎರಡು ದಾರಿಗಳನ್ನು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಹೋಲಿಸಿ ನೋಡಿತ್ತು. ಹೊರಗಿನವರಿಗೆ ಒಪ್ಪಿಸುವುದಕ್ಕಿಂತ ಶಿಕ್ಷಕರನ್ನೇ ಬೆಳೆಸುವುದು ಮೇಲು ಎಂಬುದು ಅವರ ವಾದ. ಅದರ ಬಲದಿಂದಲೇ 2011ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯ ಜೊತೆ ‘ವಿಷಯ ಶಿಕ್ಷಕರ ವೇದಿಕೆ’ ಶುರುವಾಯಿತು. ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟರುಗಳು ಜಿಲ್ಲೆ ಜಿಲ್ಲೆಗಳಲ್ಲಿ ಸೇರಿ, ಉಬುಂಟು ಹಾಕಿದ ಕಂಪ್ಯೂಟರುಗಳಲ್ಲಿ ಕನ್ನಡ ಟೈಪು, ಜಿಯೋಜೀಬ್ರಾದಲ್ಲಿ ರೇಖಾಗಣಿತ ಕಲಿತರು. ಪಾಠದ ಸಾಮಗ್ರಿಯನ್ನು ಎಲ್ಲರೂ ತಿದ್ದಬಹುದಾದ ಕನ್ನಡ-ಇಂಗ್ಲಿಷ್ ಮುಕ್ತ ಸಂಪನ್ಮೂಲವಾಗಿ ಕೂಡಿಟ್ಟರು. ನಮ್ಮ ತಾಲ್ಲೂಕುಗಳಲ್ಲಿ ಇವತ್ತು ಲಿನಕ್ಸ್ ಬಲ್ಲ ಶಿಕ್ಷಕರು ಸಿಕ್ಕಾಗ ವಿಚಾರಿಸಿದರೆ ಬಹಳಷ್ಟು ಸಲ ಬೇರು ಈ ತರಬೇತಿಗೇ ಹೋಗುತ್ತದೆ. ಜಿಯೋಜೀಬ್ರಾದಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆದು ತೋರಿಸುವ ಒಬ್ಬರು ಹಿರಿಯೂರಿನ ಕಡೆ ಇದ್ದಾರೆ. ನಿವೃತ್ತಿಗೆ ಹತ್ತಿರದವರು. ಆ ಕೋಣೆಗೆ ಅವರಾದ ಮೇಲೆ ಯಾರು ಎಂದು ಕೇಳಿದರೆ ನಕ್ಕು ಸುಮ್ಮನಾದರು. ಕೇರಳದಲ್ಲಿ ಮೇಷ್ಟರು ಹೋದರೂ ಪಠ್ಯ ಇರುತ್ತದೆ, ಪರೀಕ್ಷೆ ಇರುತ್ತದೆ, 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಸಂಘಗಳೂ ಇವೆ. ನಮ್ಮಲ್ಲಿ ಒಬ್ಬೊಬ್ಬರ ಉತ್ಸಾಹ ಇದೆ.

ಅನುವಾದದ ಮಾತೂ ಇಷ್ಟೇ. ಗ್ನೋಮ್ ಡೆಸ್ಕ್‌ಟಾಪು ಒಂದು ಭಾಷೆಯನ್ನು ತನ್ನ ಬೆಂಬಲದ ಪಟ್ಟಿಯಲ್ಲಿ ಸೇರಿಸಬೇಕಾದರೆ ಶೇ. 80ರಷ್ಟು ವಾಕ್ಯಗಳಾದರೂ ಆ ಭಾಷೆಗೆ ಬಂದಿರಬೇಕು. ಪ್ರತಿ ಆರು ತಿಂಗಳಿಗೆ ಹೊಸ ಆವೃತ್ತಿ, ಹೊಸ ವಾಕ್ಯಗಳು. ಕನ್ನಡಕ್ಕೆ ಈ ಕೆಲಸ ಮಾಡಿದವರು ರೆಡ್ ಹ್ಯಾಟಿನಂಥ ಕಂಪನಿಯ ಕೆಲವರು, ರಾತ್ರಿ ಊಟವಾದ ಮೇಲೆ ಕೂರುತ್ತಿದ್ದ ಕೆಲವು ಸ್ವಯಂಸೇವಕರು. ಒಬ್ಬರು ಕೆಲಸ ಬದಲಿಸಿದರೆ, ಇನ್ನೊಬ್ಬರಿಗೆ ಮಗು ಹುಟ್ಟಿದರೆ ಕನ್ನಡದ ಅಂಕಿ ಕುಸಿಯುತ್ತದೆ. ಅವರ ಕೆಲಸದಲ್ಲಿ ನನಗೆ ತಕರಾರಿರುವ ಪದಗಳಿವೆ. ಬೆಂಗಳೂರಿನ ನಿಘಂಟಿನ ವಾಸನೆ ಹೊಡೆಯುವ ಸಂಸ್ಕೃತದ ಕಂತೆಗಳು, ಹಿರಿಯೂರಿನ ಹುಡುಗ ಓದಿ ತಬ್ಬಿಬ್ಬಾಗುವಂಥವು. ಅದಕ್ಕಾಗಿಯೇ ನಾನು ಕಂಡ ಬಹಳ ಜನ ಮೆನುಗಳನ್ನು ಇಂಗ್ಲಿಷಿನಲ್ಲೇ ಬಿಟ್ಟು ಬರಹವನ್ನು ಮಾತ್ರ ಕನ್ನಡದಲ್ಲಿ ಮಾಡುತ್ತಾರೆ. ಆದರೆ ‘ಕಡತ’ದಂಥ ಪದ ಆರಿಸಿದವರ ಕಿವಿ ಚೆನ್ನಾಗಿತ್ತು.

ಹೊಳಲ್ಕೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಈಗ ಎರಡು ಬಗೆಯ ಯಂತ್ರಗಳು ಅಕ್ಕಪಕ್ಕ ಕೂತಿವೆ. ಒಂದರಲ್ಲಿ ಎಕ್ಸ್‌ಪಿ, ಪೇಜ್‌ಮೇಕರ್, ಹಳೇ ನುಡಿ. ಮದುವೆ ಕರೆಯೋಲೆ, ನಾಮಕರಣದ ಕಾರ್ಡು, ಜಮೀನು ಪತ್ರ ಎಲ್ಲ ಅದರಲ್ಲಿ. ವೈರಸ್ಸಿನ ಭಯಕ್ಕೆ ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಇನ್ನೊಂದು 2 ಜಿಬಿ ರ್‍ಯಾಮಿನದು, ವಿಂಡೋಸ್ 10 ಹಾಕಿ ಏದುಸಿರು ಬಿಡುತ್ತಿತ್ತು. ಅದಕ್ಕೆ ಲುಬುಂಟು ಹಾಕಿಸಿಕೊಂಡಿದ್ದಾರೆ. ಪೆನ್ ಡ್ರೈವಿನಿಂದ ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ ಎಲ್ಲ ಅದರಲ್ಲಿ ತೆರೆಯುತ್ತವೆ. ಕಗಪ ಇರುವುದರಿಂದ ಬೆರಳಿಗೆ ಹೊಸದಾಗಿ ಕಲಿಯುವುದೇನೂ ಬರಲಿಲ್ಲ. ಅಂಗಡಿಯಣ್ಣನಿಗೆ ಮೊದಲು ಇದ್ದ ಅನುಮಾನ ಕನ್ನಡದ್ದಲ್ಲ, ಪ್ರಿಂಟರಿನದು. ಜಿಲ್ಲೆಯ ಅರ್ಧ ಅಂಗಡಿಗಳಲ್ಲಿರುವಂಥ ಅವರ ಪುಟ್ಟ ಲೇಸರ್ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಒಗ್ಗಿಸುವುದು ತಲೆನೋವಿನ ಕೆಲಸ. ಸದ್ಯಕ್ಕೆ ಪಿಡಿಎಫ್ ಮಾಡಿ, ಪೆನ್ ಡ್ರೈವಿನಲ್ಲಿ ಪಕ್ಕದ ಎಕ್ಸ್‌ಪಿಗೆ ಒಯ್ದು ಪ್ರಿಂಟ್ ತೆಗೆಯುತ್ತಾರೆ. ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿರುವ ಮೂರನೆಯ ಕಂಪ್ಯೂಟರಿಗೂ ಅದನ್ನೇ ಹಾಕಿಕೊಡಬೇಕಂತೆ, ಆದರೆ ಪ್ರಿಂಟರ್ ಕೆಲಸ ಮಾಡುವಂತಾದ ಮೇಲೆ.